ಮೂರನೆಯ ದಿನದ ಮಾತ್ರೆ

ಅವನಿಗೆ ಫಾರ್ಮಸಿ ಓದು ಮುಗಿಸಿದ ಸರ್ಟಿಫಿಕೇಟ್ ಇರಲಿಲ್ಲ. ಹನ್ನೊಂದು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದ. ಅವನ ತಲೆಯ ಮೇಲೆ ಗಾಜಿನ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ ಸರ್ಟಿಫಿಕೇಟ್ ಮಾಲೀಕನ ಸೊಸೆಯದು. ಆಕೆ ವರ್ಷಕ್ಕೆರಡು ಸಲ ಬಂದು ರಿಜಿಸ್ಟರಿಗೆ ಸಹಿ ಹಾಕಿ, ಒಂದು ಕೆಮ್ಮಿನ ಔಷಧಿ ತೆಗೆದುಕೊಂಡು ಹೋಗುತ್ತಿದ್ದಳು. ಬೀದಿಯವರು ತಲೆಯೆತ್ತಿ ಅದನ್ನು ಓದಿದ್ದನ್ನು ಅವನು ಕಂಡಿರಲಿಲ್ಲ. ಅವರು ಅವನನ್ನೇ ಡಾಕ್ಟ್ರೇ ಅನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜವಾದ ಡಾಕ್ಟರ ಬಾಗಿಲಲ್ಲಿ ಕಾಯುವುದು ತಪ್ಪಿತೆಂಬ ಖುಷಿಗೆ. ಅವನಿಗೂ ಒಂದು ಕ್ರಮವಿತ್ತು. ಮೊದಲು ತೂಕ ಕೇಳುತ್ತಿದ್ದ. ಮಗುವಿನ ವಯಸ್ಸು ಹೇಳಲು ಹೊರಟ ತಾಯಂದಿರನ್ನು ಕೈಯೆತ್ತಿ ತಡೆದು, 'ವಯಸ್ಸು ಬೇಡ, ತೂಕ ಹೇಳಿ' ಎನ್ನುತ್ತಿದ್ದ. ಆಮೇಲೆ ಮಾತ್ರೆಯನ್ನು ಹೆಬ್ಬೆರಳಿನ ಉಗುರಿನಲ್ಲಿ ಒತ್ತಿದರೆ ಅದು ಪುಡಿ ಉದುರಿಸದೆ ಸಮನಾಗಿ ಎರಡಾಗುತ್ತಿತ್ತು. ಎರಡು ಹೋಳನ್ನೂ ಕಾಗದದಲ್ಲಿ ಮಡಿಸಿ ಕೊಡುವಾಗ 'ಮೂರು ದಿನ' ಎನ್ನುತ್ತಿದ್ದ. ಮನುಷ್ಯರಿಗೆ ಬರುವ ಹೆಚ್ಚಿನ ಕಾಯಿಲೆಗಳು ಮೂರು ದಿನದಲ್ಲಿ ತಾವಾಗಿಯೇ ಹೋಗುತ್ತವೆ. ಅವು ಹೋದದ್ದರ ಕೀರ್ತಿ ಮಾತ್ರ ಅವನಿಗೆ ಬರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನು ಕನ್ನಡಿಯ ಮುಂದೆ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಕೈಹಾಕಿದ್ದಾಗ ಅಕ್ಕ ಹೊರಗಿನ ಕೋಣೆಯಿಂದ ಕರೆದಳು. ಕೂಗಲಿಲ್ಲ. 'ಸ್ವಲ್ಪ ಬಾ ಇಲ್ಲಿ' ಎಂದಳು, ಸೂಜಿಗೆ ದಾರ ಪೋಣಿಸಿಕೊಡಲು ಕರೆಯುವ ದನಿಯಲ್ಲಿ. ಹೊಲಿಗೆ ಮಿಷನ್ನಿನ ಕೆಳಗೆ ಅವಳ ನಾಯಿ ಕುಳ್ಳಿ ನಾಲ್ಕೂ ಕಾಲು ಅಗಲಿಸಿಕೊಂಡು ನಿಂತಿತ್ತು. ನೆಲದ ಮೇಲೆ ಹಳದಿ ನೊರೆ, ನೊರೆಯಲ್ಲಿ ಕಾಫಿ ಪುಡಿಯಂಥ ಕಂದು ಚುಕ್ಕಿಗಳು, ಮತ್ತು ಅಂಚಿನಲ್ಲಿ ಉಗುರಿನ ಅರ್ಧದಷ್ಟು ಅಗಲದ ಕೆಂಪು ಸಿಪ್ಪೆ. ಅವನು ಮೊದಲು ನೋಡಿದ್ದು ಆ ಸಿಪ್ಪೆಯನ್ನು. ನಾಯಿಯನ್ನು ಆಮೇಲೆ ನೋಡಿದ. ಹೆಗಲ ಮೇಲಿದ್ದ ಟವೆಲನ್ನೇ ತೆಗೆದು, ಮಂಡಿಯೂರಿ, ಒಂದೇ ಸಲಕ್ಕೆ ಎಲ್ಲವನ್ನೂ ಬಳಿದು ಮುದ್ದೆಮಾಡಿದ. 'ಬಿಡೋ, ಮುಖ ಒರೆಸೋ ಟವೆಲು ಅದು, ನಾನು ಒರೆಸ್ತಿದ್ದೆ' ಎಂದು ಅಕ್ಕ ಅವನನ್ನು ವಿಚಿತ್ರವಾಗಿ ನೋಡಿದಳು. ಮೂವತ್ತೆಂಟು ವರ್ಷದಲ್ಲಿ ಅವನು ಆ ಮನೆಯ ನೆಲವನ್ನು ಒರೆಸಿರಲಿಲ್ಲ. ಅವಳ ಕಣ್ಣಲ್ಲಿ ಆಗ ಕಂಡದ್ದು ಅನುಮಾನವಲ್ಲ, ಮೆಚ್ಚಿಗೆ. ಅದನ್ನು ಅವನು ಸ್ಪಷ್ಟವಾಗಿ ನೋಡಿದ. ಟವೆಲನ್ನು ಬಚ್ಚಲಿನ ಬಕೆಟ್ಟಿನಲ್ಲಿ ಅದ್ದುವಾಗ ಕೆಂಪು ಬಣ್ಣ ಒಂದು ಎಳೆಯಾಗಿ ನೀರಲ್ಲಿ ಬಿಟ್ಟುಕೊಂಡಿತು. ಅವನು ಇನ್ನೊಂದು ಚೊಂಬು ನೀರು ಸುರಿದ. ಕನ್ನಡಿಯಲ್ಲಿ ಅರ್ಧ ಮುಖದ ಸೋಪಿನ ನೊರೆ ಒಣಗಿ ಬಿರಿಯುತ್ತಿತ್ತು.

ಅದಕ್ಕೆ ಮೂರು ದಿನ ಮೊದಲು, ಗುರುವಾರ ಸಂಜೆ, ಅಕ್ಕ ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಕುಳ್ಳಿ ಮಲಗುತ್ತಿದ್ದದ್ದು ಮಿಷನ್ನಿನ ಪೆಡಲಿನ ಪಕ್ಕದಲ್ಲೇ. ಬೆನ್ನು ಅಕ್ಕನ ಎಡಪಾದಕ್ಕೆ ತಾಗಿರಬೇಕು, ಇಲ್ಲವಾದರೆ ಅದಕ್ಕೆ ನಿದ್ದೆಯಿಲ್ಲ, ಅಕ್ಕನಿಗೆ ಹೊಲಿಗೆಯಿಲ್ಲ. ಆರು ವರ್ಷ ಹಾಗೆ ನಡೆದದ್ದು ಗುರುವಾರ ತಪ್ಪಿತು. ನಾಯಿ ನಿದ್ದೆಯಲ್ಲಿ ಮುಂಗಾಲು ಚಾಚಿತು, ಪೆಡಲು ಅದರ ಮೇಲೆ ಇಳಿಯಿತು. ಅಕ್ಕ ಆ ರಾತ್ರಿ ಊಟ ಬಿಟ್ಟಳು. 'ನನ್ನ ಕಾಲೇ ಕಣೋ, ನನ್ನ ಕಾಲಿಗೆ ಗೊತ್ತಾಗ್ಲೇ ಇಲ್ಲ' ಎಂದು ತನ್ನ ಪಾದವನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡಳು. ಆಮೇಲೆ ಅವನನ್ನು ಕೇಳಿದಳು. ಅವಳು ಎಲ್ಲವನ್ನೂ ಅವನನ್ನೇ ಕೇಳುತ್ತಿದ್ದಳು: ಹಲ್ಲು ಜುಮ್ಮೆಂದರೆ, ಹಾಲು ಒಡೆದರೆ, ಬಲಗಣ್ಣು ಅದುರಿದರೆ. ಅಮ್ಮ ಹಾಸಿಗೆ ಹಿಡಿದಿದ್ದ ಎರಡು ವರ್ಷ ಬೆಳಗಿನ ಏಳು, ರಾತ್ರಿಯ ಐದು ಮಾತ್ರೆಗಳನ್ನು ಅವನು ಒಂದು ದಿನವೂ ತಪ್ಪಿಲ್ಲದೆ ಜೋಡಿಸಿಟ್ಟದ್ದನ್ನು ಅವಳು ನೋಡಿದ್ದಳು. ಅದಕ್ಕೇ ಅವಳ ನಂಬಿಕೆಯಲ್ಲಿ ಬೀದಿಯವರ ತಮಾಷೆ ಇರಲಿಲ್ಲ. 'ಡಾಕ್ಟರ ಹತ್ರ ಕರ್ಕೊಂಡು ಹೋಗೋಣ್ವಾ?' ಎಂದಳು. ಅವನು ಪಾದ ಒತ್ತಿ ನೋಡಿದ, ಮೂಳೆ ಮುರಿದಿರಲಿಲ್ಲ. 'ಏನೂ ಬೇಡ. ಮೂರು ದಿನ. ಭಾನುವಾರಕ್ಕೆ ನಿನ್ನ ಮುಂದೆ ಓಡಾಡ್ತಿರತ್ತೆ' ಎಂದ.

ಹೇಳಿದ ಮೇಲೆ ಆ ಮಾತು ನಿಲ್ಲಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅವನು ಅಂಗಡಿಯಿಂದ ತಂದಿಟ್ಟಿದ್ದ ಪಟ್ಟಿಯಿಂದ ನೋವಿನ ಮಾತ್ರೆಯೊಂದನ್ನು ಬಿಡಿಸಿದ, ಕೆಂಪು ಲೇಪದ್ದು. ಅಕ್ಕ ತಿಂಗಳ ಹಿಂದೆ ಅಂಗಡಿಯ ತಕ್ಕಡಿಯಲ್ಲಿ ನಾಯಿಯನ್ನು ಕೂರಿಸಿ ನಕ್ಕಿದ್ದಳು: ಹನ್ನೆರಡು ಕಿಲೋ. ಹನ್ನೆರಡು ಕಿಲೋ ಎಂದರೆ ಎರಡೂವರೆ ವರ್ಷದ ಮಗು, ಸ್ವಲ್ಪ ಸೊರಗಿದ್ದು. ಅವನ ಲೆಕ್ಕ ಅಲ್ಲಿಗೇ ಮುಗಿಯಿತು. ಆ ಹನ್ನೆರಡು ಕಿಲೋದೊಳಗೆ ಇರುವುದು ಮಗುವಲ್ಲ, ಬೇರೆ ಪ್ರಾಣಿ ಎಂಬ ಯೋಚನೆ ಅವನ ತಕ್ಕಡಿಯಲ್ಲಿ ಎಲ್ಲಿಯೂ ಬರಲಿಲ್ಲ. ಉಗುರಿಟ್ಟು ಒತ್ತಿದ, ಸಮನಾಗಿ ಎರಡಾಯಿತು, ಬ್ರೆಡ್ಡಿನ ನಡುವೆ ಇಟ್ಟು ಕೊಟ್ಟ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಅಕ್ಕನಿಗೆ ಹೇಳಲಿಲ್ಲ, ಹೇಳಿದ್ದರೆ ಗುಣವಾದದ್ದು ಮಾತ್ರೆಯಿಂದ ಎಂದಾಗುತ್ತಿತ್ತು. ಅವನ ಮಾತಿನಿಂದ ಎಂದಾಗುತ್ತಿರಲಿಲ್ಲ. ಶನಿವಾರ ನಾಯಿ ತಟ್ಟೆ ಮೂಸಿ ಬಿಟ್ಟಿತು, ಅವನು ಕೊಟ್ಟ ಬ್ರೆಡ್ಡನ್ನು ಮಾತ್ರ ತಿಂದಿತು. ಭಾನುವಾರ ಆರಕ್ಕೆ ಎದ್ದು ನೋಡಿದರೆ ಇನ್ನೂ ಕುಂಟುತ್ತಿತ್ತು. ಮೂರನೆಯ ದಿನ. ಅಕ್ಕ ಏಳುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಅವನು ಆ ಬೆಳಿಗ್ಗೆ ಮಾತ್ರೆ ಮುರಿಯಲಿಲ್ಲ, ಇಡಿಯಾಗಿ ನಾಲಿಗೆಯ ಹಿಂದಕ್ಕೆ ತಳ್ಳಿ, ಬಾಯಿ ಮುಚ್ಚಿ ಹಿಡಿದು, ಗಂಟಲು ನೀವಿದ. ನಾಯಿ ನುಂಗಿ, ಅವನ ಕೈ ನೆಕ್ಕಿತು.

ಪಶುವೈದ್ಯೆಯ ಕ್ಲಿನಿಕ್ಕು ಮೂರು ಬೀದಿ ಆಚೆ. ಅವನು ನಾಯಿಯನ್ನು ಎದೆಗವಚಿಕೊಂಡು ನಡೆದ, ಅಕ್ಕ ಪಕ್ಕದಲ್ಲಿ ಅದರ ಮುಂಗಾಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಮದುವೆ ಮನೆಗೆ ಹೊರಟ ಚಿಕ್ಕ ಹುಡುಗಿಯ ಕೈ ಹಿಡಿದಂತೆ. ಭಾನುವಾರದ ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು, ನೀರು ಚರಂಡಿಯ ಕಡೆ ಅವಸರವಿಲ್ಲದೆ ಹರಿಯುತ್ತಿತ್ತು. 'ಏನ್ ಡಾಕ್ಟ್ರೇ, ಪೇಷೆಂಟನ್ನ ಎತ್ಕೊಂಡೇ ಓಡಾಡ್ತಿದೀರಾ?' ಎಂದ ತೊಳೆಯುವವನು. ಅವನು ನಕ್ಕ. ನಗದಿದ್ದರೆ ಏನೋ ಆಗಿದೆ ಎಂದು ಗೊತ್ತಾಗುತ್ತಿತ್ತು. ನಾಯಿಯ ಹೊಟ್ಟೆ ಅವನ ಅಂಗೈಯಲ್ಲಿ ಗಟ್ಟಿಯಾಗಿತ್ತು. ಪ್ರತಿ ಹೆಜ್ಜೆಗೂ ಒಂದು ಸಣ್ಣ ನಡುಕ ಒಳಗಿನಿಂದ ಬಂದು ಅವನ ಬೆರಳಿಗೆ ತಾಗಿ ಹಿಂದೆ ಹೋಗುತ್ತಿತ್ತು. ಇದಕ್ಕೆ ಮೊದಲು ಅವನು ಅದನ್ನು ಹೀಗೆ ಎತ್ತಿಕೊಂಡದ್ದು ಒಂದೇ ಸಲ, ಅದು ಮನೆಗೆ ಬಂದ ದಿನ. ಒಬ್ಬ ಗಿರಾಕಿ ಕೋಟಿನ ಜಿಪ್ಪು ಹಾಕಿಸಲು ಬಂದವನು, ತೋಳಲ್ಲಿದ್ದ ಮರಿಯನ್ನೂ ಕೋಟಿನ ಜೊತೆ ಬಿಟ್ಟು, 'ಒಂದು ಗಂಟೆ ನೋಡ್ಕೊಳ್ಳಿ, ಬಂದೆ' ಎಂದು ಹೋಗಿದ್ದ. 'ನಾಯಿಗೆ ಬರದಿದ್ರೂ ಕೋಟಿಗೆ ಬರ್ತಾನೆ' ಎಂದಿದ್ದಳು ಅಕ್ಕ. ಎರಡಕ್ಕೂ ಬರಲಿಲ್ಲ. ಮೊದಲ ವಾರ ಅವಳು ಮರಿಯನ್ನು ಗಿರಾಕಿಯ ಸಾಮಾನು ಎಂಬಂತೆ ಜೋಪಾನ ಮಾಡಿದಳು, ಎರಡನೆಯ ವಾರ ಹೆಸರಿಟ್ಟಳು.

ಕ್ಲಿನಿಕ್ಕಿನ ಷಟರು ಇಳಿದಿತ್ತು. ಭಾನುವಾರ ರಜೆ, ತುರ್ತು ಇದ್ದರೆ ಮಾತ್ರ ಗಂಟೆ ಒತ್ತಿ ಎಂದು ಬರೆದಿತ್ತು. 'ಮಾತ್ರ' ಎನ್ನುವ ಪದದ ಕೆಳಗೆ ಎರಡು ಗೀಟು. ಅಕ್ಕ ಆ ಗೀಟುಗಳನ್ನು ನೋಡಿ ಹಿಂದೆಮುಂದೆ ನೋಡಿದಳು. ಅವನೇ ಒತ್ತಿದ. ಮಹಡಿಯ ಮೇಲೆ ಕುಕ್ಕರು ಕೂಗುವುದು, ಯಾರೋ ಕುರ್ಚಿ ಎಳೆಯುವುದು, ಆಮೇಲೆ ಮೆಟ್ಟಿಲಿನ ಮೇಲೆ ಚಪ್ಪಲಿ. ವೈದ್ಯೆ ಐವತ್ತು ದಾಟಿದವಳು, ತಲೆಗೆ ಟವೆಲು ಸುತ್ತಿಕೊಂಡು ಬಂದು ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ ಬಗ್ಗಿ ಇಣುಕಿದಳು. 'ಬಗ್ಗಿಕೊಂಡೇ ಬನ್ನಿ. ಪೂರ್ತಿ ಎತ್ತಿದ್ರೆ ಬೀದೀಲಿರೋ ಬೆಕ್ಕು ನಾಯಿ ಎಲ್ಲದಕ್ಕೂ ಇವತ್ತೇ ಕಾಯಿಲೆ ಬರತ್ತೆ' ಎಂದಳು. ಗೋಡೆಯ ಗಡಿಯಾರದಲ್ಲಿ ಎಂಟೂವರೆ. ಸ್ಟೀಲಿನ ಮೇಜಿನ ಮೇಲೆ ಇಳಿಸಿದಾಗ ಕುಳ್ಳಿಯ ಉಗುರುಗಳು ಕರಕರ ಎಂದವು. ವೈದ್ಯೆ ಕಣ್ಣು, ಬಾಯಿ, ಹೊಟ್ಟೆ, ಕೊನೆಗೆ ಊದಿದ್ದ ಪಾದ ನೋಡಿದಳು. ಅಕ್ಕ ಪೆಡಲಿನ ಕತೆ ಹೇಳಿದಳು, ಎರಡು ಸಲ, ಎರಡನೆಯ ಸಲ ತಪ್ಪು ಇನ್ನಷ್ಟು ತನ್ನದಾಗುವಂತೆ. ಜ್ವರ ಇತ್ತು. 'ಕಾಲು ಬಿಸಿಯಾಗಿದೆ, ವಾಂತಿ ಬೇರೆ. ಬೀದೀಲಿ ಏನಾದ್ರೂ ತಿಂದಿರಬೇಕು' ಎಂದು ವೈದ್ಯೆ ಕಪಾಟಿನಿಂದ ಎರಡು ಸಣ್ಣ ಸೀಸೆ ತೆಗೆದಳು. ಒಂದು ವಾಂತಿಗೆ. ಇನ್ನೊಂದನ್ನು ಅವನು ಲೇಬಲ್ಲು ಓದುವ ಮುಂಚೆಯೇ ಮುಚ್ಚಳದ ಬಣ್ಣದಿಂದ ಗುರುತು ಹಿಡಿದ. ಅವನ ಅಂಗಡಿಯಲ್ಲಿ ಎಡಗಡೆಯ ಮೂರನೆಯ ಗೂಡಿನಲ್ಲಿ ಇರುವುದು, ಊತ ಇಳಿಸುವುದಕ್ಕೆ. ಆ ಗೂಡಿನದನ್ನೂ ಕೆಂಪು ಲೇಪದ ಮಾತ್ರೆಯನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು ಬಂದವರನ್ನು ಅವನು ಈ ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ತಡೆದಿದ್ದ. 'ಇವೆರಡೂ ಜೊತೆಗೆ ಹೋಗಬಾರದು, ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಹೋಗತ್ತೆ, ಬರೆದೋರನ್ನ ಇನ್ನೊಂದ್ಸಲ ಕೇಳ್ಕೊಂಡು ಬನ್ನಿ.' ಒಬ್ಬ ಮುದುಕಿ ಮಾರನೆಯ ದಿನ ಬಂದು ಕೌಂಟರಿನ ಮೇಲಿಂದ ಅವನ ಕೈ ಹಿಡಿದುಕೊಂಡಿದ್ದಳು.

ವೈದ್ಯೆ ಸಿರಿಂಜಿಗೆ ಸೂಜಿ ಸಿಕ್ಕಿಸುತ್ತ ಕೇಳಿದಳು. 'ನೋವಿಗೆ ಏನಾದ್ರೂ ಕೊಟ್ಟಿದ್ರಾ? ಮನೇಲಿರೋ ಮಾತ್ರೆ ಗೀತ್ರೆ? ಕೊಟ್ಟಿದ್ರೆ ಹೇಳಿಬಿಡಿ, ಇದನ್ನ ಹಾಕೋದಕ್ಕಾಗಲ್ಲ.'

'ಅಯ್ಯೋ, ಇವನನ್ನ ಕೇಳದೆ ನಮ್ಮನೇಲಿ ನೀರೂ ಕುಡಿಯಲ್ಲ' ಎಂದಳು ಅಕ್ಕ. 'ಮೆಡಿಕಲ್ ಶಾಪಿನಲ್ಲಿರೋದು ಇವನು. ಏನೂ ಕೊಡಬೇಡ ಅಂದ, ನಾವು ಕೊಟ್ಟಿಲ್ಲ.'

ವೈದ್ಯೆ ಅವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಅವನು ಆಮೇಲೆ ಎಷ್ಟೋ ಸಲ ತೆಗೆದು ನೋಡಿದ. ಬಾಯಿ ಬಿಟ್ಟು ಇಲ್ಲ ಎಂದಿರಲಿಲ್ಲ. ಅಕ್ಕನ ಮಾತಿಗೆ ಹೌದು ಎಂದು ಆಡಿಸಿದ್ದೂ ಆಗಬಹುದು, ತಾನು ಮೆಡಿಕಲ್ ಶಾಪಿನಲ್ಲಿ ಇರುವುದು ನಿಜ ಎಂದೂ ಆಗಬಹುದು. ಸಿರಿಂಜಿನೊಳಗೆ ದ್ರವ ಏರಿತು. ವೈದ್ಯೆ ಬೆರಳಿನಿಂದ ಎರಡು ಸಲ ತಟ್ಟಿ ಗುಳ್ಳೆ ಓಡಿಸಿದಳು. ಈಗ ಹೇಳಬಹುದು ಎಂದುಕೊಂಡ. ತೊಡೆಯ ಕೂದಲು ಸರಿಸಿ ಹತ್ತಿಯಿಂದ ಒರೆಸಿದಳು. ಈಗಲೂ ಹೇಳಬಹುದು. ಹೇಳಿದರೆ ಅಕ್ಕ ತಿರುಗಿ ಅವನ ಮುಖ ನೋಡುತ್ತಾಳೆ. ನೋಡುವುದು ನಾಯಿಗೆ ಮಾತ್ರೆ ಕೊಟ್ಟವನನ್ನಲ್ಲ, ಸ್ವಲ್ಪ ಹೊತ್ತಿನ ಮುಂಚೆ ಮುಖ ಒರೆಸುವ ಟವೆಲಿನಿಂದ ನೆಲ ಒರೆಸಿದವನನ್ನು. ಸೂಜಿ ಹೋಯಿತು. ಕುಳ್ಳಿ ಅವನ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ಇಲ್ಲ, ಷಟರಿನ ಕೆಳಗೆ ಕಾಣುತ್ತಿದ್ದ ಬಿಸಿಲಿನ ಪಟ್ಟಿಯನ್ನು ನೋಡುತ್ತಿತ್ತು. 'ಮಧ್ಯಾಹ್ನದವರೆಗೆ ನೋಡಿ. ಜಾಸ್ತಿ ಅನ್ನಿಸಿದ್ರೆ ಗಂಟೆ ಒತ್ತಿ, ಸಂಕೋಚ ಬೇಡ' ಎಂದಳು ವೈದ್ಯೆ. ಹೊರಗೆ ಬಗ್ಗಿ ಬರುವಾಗ ಷಟರಿನ ಅಂಚು ಅವನ ತಲೆಗೆ ತಾಗಿತು. ನೋವಾಯಿತು, ಸ್ವಲ್ಪ ಸಮಾಧಾನವೂ ಆಯಿತು.

ಮನೆಯಲ್ಲಿ ಅಕ್ಕನ ಮನಸ್ಸು ವೈದ್ಯೆಯ ಒಂದು ಮಾತನ್ನು ಹಿಡಿದುಕೊಂಡು ಕೂತಿತ್ತು: ಏನಾದರೂ ತಿಂದಿರಬೇಕು. ಹತ್ತು ಗಂಟೆಯ ಹೊತ್ತಿಗೆ ಅದು ಏನಾದರೂ ಕೊಟ್ಟಿರಬೇಕು ಎಂದಾಯಿತು, ಹನ್ನೊಂದಕ್ಕೆ ಯಾರು ಕೊಟ್ಟರು ಎಂದೂ ಗೊತ್ತಾಯಿತು. ಕೆಳಗಿನ ಮನೆಯಲ್ಲಿ ರಿಟೈರ್ಡ್ ಬಸ್ ಕಂಡಕ್ಟರ್ ಒಬ್ಬನೇ ಇದ್ದ. ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಕುಳ್ಳಿಗೆ ಬಿಸ್ಕತ್ತು ಮುರಿದು ಹಾಕುತ್ತಿದ್ದ. 'ಶನಿವಾರ ನಾನು ನೋಡ್ದೆ. ಹಳೇ ಪ್ಯಾಕೆಟ್ಟು. ಇಲಿ ಓಡಾಡ್ತವೆ ಅವರ ಮನೇಲಿ, ಪಾಷಾಣ ಇಟ್ಟಿರ್ತಾರೆ, ಅದನ್ನ ಮುಟ್ಟಿದ ಕೈಲೇ ಬಿಸ್ಕತ್ತನ್ನೂ ಮುಟ್ಟಿರ್ತಾರೆ' ಎಂದಳು. ಅವಳ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಿಡುಗಡೆಯಿತ್ತು. ಗುರುವಾರದಿಂದ ತನ್ನ ಪಾದವನ್ನೇ ದೂರುತ್ತಿದ್ದವಳಿಗೆ ಬೇರೆ ಯಾರೋ ಸಿಕ್ಕಿದ್ದರು. ಅವನು 'ಬಿಡು, ಹಾಗಿರಲ್ಲ' ಎಂದ, ಕೇಳಿಸುವಷ್ಟು ಜೋರಾಗಿ ಅಲ್ಲ. ಅವಳು ಮೆಟ್ಟಿಲಿಳಿದಳು. ಅವನು ಮೇಲಿನ ಕಟಕಟೆಗೆ ಒರಗಿ ನಿಂತ. ಇಳಿದರೆ ಒಂದು ಕಡೆ ಸೇರಬೇಕಾಗುತ್ತದೆ.

'ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕಮ್ಮ ಹೆಗಲು ಮುಟ್ಟಿ ನೋಡ್ಕೊಳ್ಳಲಿ?' ಎನ್ನುತ್ತಿದ್ದ ಕಂಡಕ್ಟರ್. 'ಮೂವತ್ತೊಂದು ವರ್ಷ ಬಸ್ಸಲ್ಲಿ ಬೈಸ್ಕೊಂಡಿದೀನಿ, ನೀವು ಬೈದ್ರೆ ನನಗೇನೂ ಭಾರ ಆಗಲ್ಲ. ಆದ್ರೆ ಆ ನಾಯಿ ನಂಗೂ ನಾಯೀನೇ.' ಒಳಗೆ ಹೋದವನು ಬಿಸ್ಕತ್ತಿನ ಡಬ್ಬಿಯನ್ನೇ ಹಿಡಿದುಕೊಂಡು ಬಂದ. ಅಕ್ಕನ ಮುಂದೆ ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಹಲ್ಲು ಕಡಿಮೆ ಇದ್ದುದರಿಂದ ಹೊತ್ತು ಹಿಡಿಯಿತು. ಅಕ್ಕ ಅಷ್ಟು ಹೊತ್ತೂ ಕೈಕಟ್ಟಿ ನಿಂತಿದ್ದಳು. 'ಇನ್ನೊಂದು ತಿನ್ಲಾ? ಶುಗರಿದೆ ನಂಗೆ, ನಾಲ್ಕು ತಿಂದ್ರೆ ನಿಮ್ಮ ನಾಯಿ ಪಕ್ಕದಲ್ಲೇ ನನ್ನನ್ನೂ ಮಲಗಿಸ್ಬೇಕು' ಎಂದು ನುಂಗಿ, ತಲೆಯೆತ್ತಿ ಕಟಕಟೆಯ ಕಡೆ ನೋಡಿದ. 'ಏನಪ್ಪಾ, ನೀನಾದ್ರೂ ಹೇಳು ನಿಮ್ಮಕ್ಕಂಗೆ. ಔಷಧಿ ಗೊತ್ತಿರೋನು ನೀನು.' ಅವನು ಆ ಮುಖವನ್ನು ಮೇಲಿನಿಂದ ನೋಡಿದ, ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ. 'ಡಾಕ್ಟರು ಇಂಜೆಕ್ಷನ್ ಕೊಟ್ಟಿದಾರೆ, ನೋಡೋಣ' ಎಂದ. ಅದು ಉತ್ತರವಾಗಿರಲಿಲ್ಲ, ಆದರೆ ಅವನ ದನಿ ಅಂಗಡಿಯ ದನಿಯಾಗಿತ್ತು. ಇಬ್ಬರೂ ಉತ್ತರ ಸಿಕ್ಕವರ ಹಾಗೆ ತಲೆಯಾಡಿಸಿದರು. ಅದು ಅವನಿಗೆ ಆ ದಿನದ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

ಊಟಕ್ಕೆ ಕೂತಾಗ ಅವನು ಒಂದು ಒಪ್ಪಂದ ಮಾಡಿಕೊಂಡ. ಎರಡು ಗಂಟೆ ಹೊಡೆಯುವುದರೊಳಗೆ ನಾಯಿ ಎದ್ದು ನೀರು ಕುಡಿದರೆ ಹೇಳುವುದು ಬೇಡ, ತಾನೂ ಇನ್ನು ಮೇಲೆ ಯಾರಿಗೂ ಮೂರು ದಿನ ಎನ್ನುವುದಿಲ್ಲ. ಯಾರ ಜೊತೆಗಿನ ಒಪ್ಪಂದ ಎನ್ನುವುದು ಅವನಿಗೆ ತಿಳಿದಿರಲಿಲ್ಲ. ಕುಳ್ಳಿ ಎದ್ದಿತು. ನೀರಿನ ಬೋಗುಣಿಯವರೆಗೆ ಹೋಗಿ, ಮೂತಿ ಇಳಿಸಿ, ಅಲ್ಲೇ ಕುಕ್ಕರಿಸಿತು. ಅದರ ಕೆಳಗೆ ನೆಲದ ಮೇಲೆ ಡಾಂಬರಿನಷ್ಟು ಕಪ್ಪಾದದ್ದು ಹರಡಿತು. ವಾಸನೆ ಕಬ್ಬಿಣದ್ದು. ಅಕ್ಕ ಅದನ್ನು ಕೊಳಕು ಎಂದುಕೊಂಡಳು. ಅದು ರಕ್ತ ಎಂದು ಅವನಿಗೆ ಗೊತ್ತಿತ್ತು. ತುಟಿ ಎತ್ತಿ ನೋಡಿದ. ವಸಡು ಸುಣ್ಣದ ಗೋಡೆಯಂತಿತ್ತು. 'ಬುಟ್ಟಿ ತಗೋ' ಎಂದ ಅಕ್ಕನಿಗೆ. ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹಳೆಯ ಹೊದಿಕೆ ಹಾಸಿ ಮಲಗಿಸಿದರು. ಮೆಟ್ಟಿಲಿನ ಬುಡದಲ್ಲಿ ಕಂಡಕ್ಟರ್ ಏನೂ ಕೇಳದೆ ಒಂದು ಹಿಡಿಕೆ ಹಿಡಿದ. ಅಕ್ಕ ಹಿಂದೆ ಬಂದಳು. ತಿರುವಿನಲ್ಲಿ ಕಂಡಕ್ಟರ್ ಅಭ್ಯಾಸದಿಂದ 'ಹೋಲ್ಡಾನ್' ಎಂದು, ಕೈ ಬದಲಾಯಿಸಿ, 'ರೈಟ್' ಎಂದ.

ವೈದ್ಯೆ ಈ ಸಲ ಷಟರನ್ನು ಪೂರ್ತಿ ಎತ್ತಿದಳು. ಎರಡು ಗಂಟೆ ಹತ್ತು ನಿಮಿಷ. ಒಳಗಿನ ಕೋಣೆಗೆ ಒಬ್ಬರು ಮಾತ್ರ ಬನ್ನಿ ಎಂದಾಗ ಅಕ್ಕ ಅವನನ್ನು ಮುಂದೆ ತಳ್ಳಿದಳು. 'ನೀನು ಹೋಗು, ನಿಂಗೆ ಅರ್ಥ ಆಗತ್ತೆ.' ವೈದ್ಯೆ ಥರ್ಮಾಮೀಟರಿಗೆ ಅಂಟಿದ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದಳು, ನಾಯಿಯ ತುಟಿ ಎತ್ತಿದಳು, ಆಮೇಲೆ ಕೈಗವಸು ತೆಗೆದಿಟ್ಟು ಅವನ ಎದುರು ನಿಂತಳು. ಕೇಳಲಿಲ್ಲ. ಬಹಳ ಹಿಂದೆ ಹೀಗೆಯೇ ಒಬ್ಬ ಪರೀಕ್ಷಕ ಮೇಜಿನಾಚೆ ಕಾದಿದ್ದ, ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ. ಪ್ರಶ್ನೆ ಸುಲಭದ್ದು, ಒಂದು ಪ್ರಮಾಣ ಹೇಳುವುದು. ಅವನಿಗೆ ಅಂಕಿ ಗೊತ್ತಿತ್ತು, ನಾಲಿಗೆಯ ತುದಿಯಲ್ಲಿತ್ತು, ಪರೀಕ್ಷಕನ ಕನ್ನಡಕದಲ್ಲಿ ಕಿಟಕಿ ಕಾಣುತ್ತಿತ್ತು, ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ಕಟ್ಟುತ್ತೇನೆ ಎಂದು ಬಂದವನು ಮತ್ತೆ ಹೋಗಿರಲಿಲ್ಲ. ಈಗ ಅವನ ಬಾಯಿ ತಾನಾಗಿ ತೆರೆಯಿತು. ಮಾತ್ರೆಯ ಹೆಸರು ಹೇಳಿದ, ಎಷ್ಟು ಮಿಲಿಗ್ರಾಮಿನದು ಎಂದು ಹೇಳಿದ. 'ಶುಕ್ರವಾರ ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಶನಿವಾರ ಹಾಗೇ. ಇವತ್ತು ಬೆಳಿಗ್ಗೆ ಆರಕ್ಕೆ ಒಂದು ಪೂರ್ತಿ. ಒಟ್ಟು ಮೂರು.' ಎಲ್ಲೂ ತಡವರಿಸಲಿಲ್ಲ.

'ನಾನು ಕೇಳಿದ್ದೆ' ಎಂದಳು ವೈದ್ಯೆ.

'ಹೌದು.'

'ನಾನು ಕೊಟ್ಟ ಇಂಜೆಕ್ಷನ್ ಏನು ಅಂತ ಗೊತ್ತಿತ್ತಾ?'

'ಗೊತ್ತಿತ್ತು.'

ಅವಳು ಬೈಯುತ್ತಾಳೆಂದು ಅವನು ಕಾದ. ಬೈಗುಳ ಅವನಿಗೆ ಅನುಕೂಲವಾಗುತ್ತಿತ್ತು. ಅವಳು ಡ್ರಿಪ್ಪಿನ ಬಾಟಲಿ ತೂಗುಹಾಕಿ, ಮುಂಗಾಲಿನ ಕೂದಲು ಬೋಳಿಸಿ, ನರ ಹುಡುಕಿದಳು. 'ಹೊಟ್ಟೆ ಹಿಡ್ಕೊಳ್ಳಿ. ಗಟ್ಟಿಯಾಗಿ ಬೇಡ' ಎಂದಳು. ನರ ಸಿಕ್ಕ ಮೇಲೆ, ಬಾಟಲಿಯ ಹನಿ ಎಣಿಸುತ್ತಲೇ, 'ನಾಯಿಗೆ ನಮ್ಮ ಮಾತ್ರೆ ಆಗಲ್ಲ. ಅದರ ತೂಕ ಏನೇ ಇರಲಿ. ಆದ್ರೂ ಎಂಟೂವರೆಗೆ ಹೇಳಿದ್ರೆ ಬೇರೆ ದಾರಿ ಇತ್ತು. ಈಗ ನೋಡ್ಬೇಕು. ಹೊರಗೆ ನಿಮ್ಮಕ್ಕಂಗೆ ನಾನು ಹೇಳಲ್ಲ, ನೀವೇ ಹೇಳಿ' ಎಂದಳು.

ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಅಕ್ಕ ಮತ್ತು ಕಂಡಕ್ಟರ್, ನಡುವೆ ಖಾಲಿ ಬುಟ್ಟಿ. ಅವನು ನಿಂತುಕೊಂಡೇ ಹೇಳಿದ. ವೈದ್ಯೆಗೆ ಹೇಳಿದ್ದಕ್ಕಿಂತ ಇದು ಉದ್ದವಾಯಿತು. ಟವೆಲು, ಕೆಂಪು ಸಿಪ್ಪೆ, ತಲೆಯಾಡಿಸಿದ್ದು, ಎಲ್ಲ ಬಂತು. ಹೇಳುತ್ತಿರುವಾಗಲೇ ತನ್ನ ದನಿ ಮೆಲ್ಲಗೆ ಒಂದು ಬಗೆಯ ಧೈರ್ಯವಂತನ ದನಿಯಾಗುತ್ತಿರುವುದು ಕೇಳಿಸಿ ನಿಲ್ಲಿಸಿದ. ಅಕ್ಕ ಮೊದಲು ತಿರುಗಿದ್ದು ಕಂಡಕ್ಟರನ ಕಡೆ. 'ಬಿಸ್ಕತ್ತಿನ ವಿಷಯಕ್ಕೆ ತಪ್ಪಾಯ್ತು ಅಣ್ಣಾ' ಎಂದಳು. ಅವನು 'ಅಯ್ಯೋ ಇರಲಿ ಬಿಡಮ್ಮ' ಎಂದು ಎದ್ದು, ಏಳಬೇಕಾಗಿರಲಿಲ್ಲ ಎನ್ನಿಸಿ ಮತ್ತೆ ಕೂತ. ಆಮೇಲೆ ಅಕ್ಕ ತಮ್ಮನನ್ನು ಕೇಳಿದಳು, ಬಟ್ಟೆಯ ಅಳತೆ ಕೇಳುವ ಹಾಗೆ. 'ಸೂಜಿ ಚುಚ್ಚೋವಾಗ ನೀನು ಅಲ್ಲೇ ನಿಂತಿದ್ದೆ.'

'ಹೂಂ.'

'ನನಗೆ ಹೆದರಿ ಹೇಳಲಿಲ್ವಾ?'

ಹೆದರಿಕೆ ಎಂದರೆ ಅವಳು ಕ್ಷಮಿಸಿಬಿಡಬಹುದಿತ್ತು. ಅವಳು ಆ ಪದವನ್ನು ಅವನ ಮುಂದೆ ಇಟ್ಟದ್ದೇ ಅದಕ್ಕೆ ಎಂದು ಅವನಿಗೆ ಅನ್ನಿಸಿತು. 'ಹೆದರಿಕೆ ಅಲ್ಲ' ಎಂದ. 'ಮೂರು ದಿನ ಅಂತ ಹೇಳಿದ್ದೆ. ಸುಳ್ಳಾಗಬಾರದಿತ್ತು.' ಅಕ್ಕ ಬುಟ್ಟಿಯೊಳಗಿನ ಹೊದಿಕೆಯನ್ನು ತೆಗೆದು ಕೊಡವಿ, ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಟ್ಟಳು.

ಆಮೇಲಿನದು ಡ್ರಿಪ್ಪಿಗಾಗಿ ನಾಯಿಯನ್ನು ಬುಟ್ಟಿಯಲ್ಲಿ ಹೊತ್ತು ನಾಲ್ಕು ಸಲ ಹೋಗಿ ಬಂದದ್ದು. ಕ್ಲಿನಿಕ್ಕು ತೆರೆಯುವ ಮುಂಚೆ, ಮುಚ್ಚಿದ ಮೇಲೆ; ನಡುವಿನ ಹೊತ್ತಿನಲ್ಲಿ ಮೇಜು ಬೇರೆಯವರಿಗೆ ಬೇಕಿತ್ತು. ಅಕ್ಕ ಯಾರದೋ ಲಂಗವನ್ನು ಜೊತೆಗೆ ತಂದು ಡ್ರಿಪ್ಪು ಮುಗಿಯುವವರೆಗೆ ಅದರ ಅಂಚನ್ನು ಕೈಯಲ್ಲಿ ಹೊಲಿಯುತ್ತಿದ್ದಳು, ಎಡಪಾದವನ್ನು ಮೇಜಿನ ಕಾಲಿಗೆ ತಾಗಿಸಿಕೊಂಡು. ವೈದ್ಯೆ ಸೋಮವಾರ ಸಂಜೆ ಅವಳಿಗೆ ಕಾಫಿ ತಂದುಕೊಟ್ಟಳು. ಅವನಿಗೂ ತಂದಳು, ಅದೇ ಅಳತೆಯ ಲೋಟದಲ್ಲಿ. ಅವನು ಹಗಲು ಅಂಗಡಿಯಲ್ಲಿ ನಿಂತ. ಮಗುವಿಗೆ ಜ್ವರ ಎಂದು ಬಂದ ಹೆಂಗಸೊಬ್ಬಳು ತಾನಾಗಿಯೇ 'ಹತ್ತು ಕಿಲೋ ಡಾಕ್ಟ್ರೇ' ಎಂದಾಗ ಅವನು ಡಾಕ್ಟರ ಹತ್ತಿರ ಹೋಗಿ ಎಂದ. 'ನೀವೇ ಇದೀರಲ್ಲ' ಎಂದಳು. ಇನ್ನೊಮ್ಮೆ ಹೇಳಿದ. ಅವಳು ಮುಖ ಊದಿಸಿಕೊಂಡು ಎದುರಿನ ಅಂಗಡಿಗೆ ಹೋದಳು, ಅಲ್ಲಿಯವನು ಕೊಟ್ಟ.

ಮಂಗಳವಾರ ಬೆಳಿಗ್ಗೆ ಏಳಕ್ಕೆ, ಷಟರು ಅರ್ಧ ಎತ್ತಿದ್ದಾಗ, ಕುಳ್ಳಿ ಸ್ಟೀಲಿನ ಮೇಜಿನ ಮೇಲೆ ಒಂದು ಸಲ ಕಾಲು ಚಾಚಿ, ಮಡಿಸದೆ ಬಿಟ್ಟಿತು. ವೈದ್ಯೆ ಕೊರಳಿಗೆ ಬೆರಳಿಟ್ಟು ನೋಡಿ, ಡ್ರಿಪ್ಪಿನ ಚಕ್ರ ತಿರುಗಿಸಿ ನಿಲ್ಲಿಸಿದಳು. ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು. ಅಕ್ಕ ಅಳಲಿಲ್ಲ, ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಜಾಕೀಟಿನ ಅಂಚಿಗೆ ಚುಚ್ಚಿಕೊಂಡಳು. ಬುಟ್ಟಿಯ ಒಂದು ಹಿಡಿಕೆ ಅವಳು ಹಿಡಿದಳು, ಇನ್ನೊಂದು ಕಂಡಕ್ಟರ್. ಅವನು ಹಿಂದೆ ನಡೆದ.

ಗುರುವಾರ ಅಕ್ಕನಿಗೆ ಹಲ್ಲುನೋವು ಬಂತು. ಕೆನ್ನೆಗೆ ಕೈಯಿಟ್ಟುಕೊಂಡು ಎರಡು ಸಲ ಅವನ ಮುಂದೆ ಹಾದುಹೋದಳು. 'ನೋವಾ?' ಎಂದ. 'ಇಲ್ಲ' ಎಂದಳು. ಮಧ್ಯಾಹ್ನ ಅವನು ಅಂಗಡಿಯ ಗಾಜಿನೊಳಗಿಂದ ನೋಡುತ್ತಿದ್ದಂತೆ ಅವಳು ಚೀಟಿ ಹಿಡಿದು ಎದುರಿನ ಅಂಗಡಿಯ ಸಾಲಿನಲ್ಲಿ ನಿಂತಳು. ಅವಳ ಮುಂದೆ ಮೂರು ಜನ ಇದ್ದರು. ಅವಳು ಕಾದಳು.

ಹೋದದ್ದು ಇಷ್ಟು. ನಾಯಿ ಒಂದು, ಹೆಣ್ಣು, ಆರು ವರ್ಷದ್ದು. ಕೊನೆಗೆ ತೂಗಿದಾಗ ಹತ್ತು ಕಿಲೋ. ಮಾತ್ರೆ ಮೂರು. ಭಾನುವಾರ ಎಂಟೂವರೆಯಿಂದ ಎರಡು ಗಂಟೆ ಹತ್ತು ನಿಮಿಷದವರೆಗೆ, ಐದು ಗಂಟೆ ನಲವತ್ತು ನಿಮಿಷ. ಅಕ್ಕ ಅವನನ್ನು ಕೇಳುತ್ತಿದ್ದದ್ದು ದಿನಕ್ಕೆ ನಾಲ್ಕೋ ಐದೋ ಮಾತು. ಈಗ ಒಂದೂ ಇಲ್ಲ.